ಡೀಸೆಲ್ ಕಾರಿಗೆ ‘ಏರ್ ಹಿಡಿಯೋದು’ ಅಂದರೇನು?

ನಮ್ಮ ಸೋದರಮಾವನ ಹತ್ತಿರ ಹಳೇ ಡೀಸೆಲ್ ಅಂಬಾಸಿಡರ್ ಕಾರಿದೆ. ನೀವೆಲ್ಲ ನೋಡಿದ್ದೀರಿ, ಕೆಲವರು ತಳ್ಳಿಯೂ ಇದ್ದೀರಿ. ಈ ಕಾರು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು. 2014ರಲ್ಲಿ ನಿಂತುಹೋಯಿತು. ಆದ್ದರಿಂದ ಇರೋದನ್ನೇ ಜೋಪಾನ ಮಾಡಬೇಕು.

ಪೆಟ್ರೋಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಕಿಡಿ ಕೊಡುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಹಾಗಾದರೆ ಬೆಂಕಿ ಹೇಗೆ ಹತ್ತುತ್ತದೆ? ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ಬುಡ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಗಾಳಿಯನ್ನು ಒತ್ತಿದರೆ ಕಾಯುತ್ತದೆ. ಇಂಜಿನ್ನಿನೊಳಗೆ ಪಿಸ್ಟನ್ನು 20 ಲೋಟ ಗಾಳಿಯನ್ನು ಒಂದೇ ಲೋಟಕ್ಕೆ ತುರುಕಿದ ಹಾಗೆ ಒತ್ತುತ್ತದೆ. ಆಗ ಗಾಳಿ 500 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚು ಕಾಯುತ್ತದೆ. ಆ ಹೊತ್ತಿಗೆ ಸರಿಯಾಗಿ ನಾಝಲ್ಲು ಡೀಸೆಲನ್ನು ಮಂಜಿನಂತೆ ಎರಚುತ್ತದೆ, ಅದು ತಾನೇ ಹತ್ತಿಕೊಳ್ಳುತ್ತದೆ. ಇದನ್ನು ಕಂಡುಹಿಡಿದವರು ರುಡಾಲ್ಫ್ ಡೀಸೆಲ್ (1858–1913). ಎಣ್ಣೆಗೂ ಅವರ ಹೆಸರೇ ಬಂತು.

ನಾಝಲ್ಲಿನ ಬಾಯಿ ಸುಮ್ಮನೆ ತೆರೆಯೋದಿಲ್ಲ. ನಮ್ಮ ಸುತ್ತಲಿನ ಗಾಳಿಯ ಒತ್ತಡದ ನೂರು ಪಟ್ಟಿಗಿಂತ ಹೆಚ್ಚು ಒತ್ತಡ ಬೇಕು. ಪಂಪು ಅಷ್ಟು ಒತ್ತುತ್ತದೆ. ಆದರೆ ಪೈಪಿನಲ್ಲಿ ಗಾಳಿ ಸೇರಿದರೆ ಕೆಲಸ ಕೆಟ್ಟಿತು. ಸೂಜಿ ಇಲ್ಲದ ಹೊಸ ಸಿರಿಂಜಿಗೆ ನೀರು ತುಂಬಿ ಬಾಯಿಗೆ ಬೆರಳಿಟ್ಟು ಒತ್ತಿ, ಹೋಗುವುದಿಲ್ಲ. ಗಾಳಿ ತುಂಬಿ ಒತ್ತಿ, ಸಲೀಸಾಗಿ ಹೋಗುತ್ತದೆ. ಪಂಪಿನ ಶಕ್ತಿಯೆಲ್ಲ ಹಾಗೆ ಗಾಳಿಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ, ನಾಝಲ್ಲು ತೆರೆಯೋದೇ ಇಲ್ಲ. ಇದಕ್ಕೇ ಏರ್ ಹಿಡಿಯೋದು ಅನ್ನುತ್ತಾರೆ. ಟ್ಯಾಂಕು ಪೂರ್ತಿ ಖಾಲಿ ಮಾಡಿದರೂ ಹೀಗಾಗುತ್ತದೆ.

ಹೋದ ಆಷಾಢದಲ್ಲಿ ಒಂದು ರಾತ್ರಿ ನಮ್ಮಜ್ಜಿಗೆ ಉಬ್ಬಸ ಜೋರಾಯಿತು. ಆ ಹೊತ್ತಿನಲ್ಲಿ ಬಸ್ಸಿಲ್ಲ. ಆಂಬುಲೆನ್ಸ್ ಬರೋಕೆ ಮುಕ್ಕಾಲು ಗಂಟೆ ಆಗುತ್ತೆ ಅಂದರು. ಮಾವ ಎಷ್ಟು ಸೆಲ್ಫ್ ಹೊಡೆದರೂ ಕಾರು ಸ್ಟಾರ್ಟ್ ಆಗಲಿಲ್ಲ. “ಏರ್ ಹಿಡಿದದೆ, ಟಾರ್ಚ್ ಬಿಡೋ ಮಗ” ಅಂದರು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲ ಮಾಡಿ, ಫೀಡ್ ಪಂಪನ್ನು ಕೈಯಿಂದ ಒತ್ತುತ್ತಾ ಹೋದರು. ಮೊದಲು ಸೋಪಿನ ನೊರೆಯಂಥ ಡೀಸೆಲ್ ಬಂತು. ನೊರೆ ನಿಂತು ಬರೀ ಡೀಸೆಲ್ ಬಂದ ಮೇಲೆ, ಒತ್ತುತ್ತಲೇ ಸ್ಕ್ರೂ ಬಿಗಿ ಮಾಡಿದರು. ಆಮೇಲೆ ನಾಝಲ್ ಪೈಪಿನ ನಟ್ಟು ಸ್ವಲ್ಪ ಸಡಿಲಿಸಿ ಸೆಲ್ಫ್ ಹೊಡೆದು ಅಲ್ಲಿಯ ಗಾಳಿಯನ್ನೂ ಬಿಟ್ಟರು. ಆ ಹೊತ್ತಿನಲ್ಲಿ ನನ್ನನ್ನು ದೂರ ನಿಲ್ಲಿಸಿದರು. ಅಷ್ಟು ಒತ್ತಡದ ಡೀಸೆಲ್ ಚರ್ಮದೊಳಗೇ ತೂರುತ್ತದಂತೆ. ಇಪ್ಪತ್ತು ನಿಮಿಷ ಹಿಡಿಯಿತು. ಅಜ್ಜಿ ಜಗಲಿ ಮೇಲೆ ಕೂತು ಏದುತ್ತಿದ್ದರು. ಆಸ್ಪತ್ರೆ ಮುಟ್ಟಿದೆವು. ಈಗ ಅಜ್ಜಿ ಚೆನ್ನಾಗಿದ್ದಾರೆ.

ಗಾಳಿ ಬಂದದ್ದೆಲ್ಲಿಂದ? ಗ್ಯಾರೇಜಿನಲ್ಲಿ ಫಿಲ್ಟರ್ ಬದಲಿಸಿದಾಗ ಹಳೇ ವಾಷರನ್ನೇ ಹಾಕಿದ್ದರು. ಅಷ್ಟೇ! ಅಲ್ಲಿ ಡೀಸೆಲ್ ಜಿನುಗುತ್ತಿತ್ತು, ಗಾಡಿ ನಿಂತಾಗ ಅದೇ ಸಂದಿಯಿಂದ ಗಾಳಿ ಒಳಗೆ ಸೇರುತ್ತಿತ್ತು. ಫಿಲ್ಟರಿನ ಸುತ್ತ ಧೂಳು ಹಸಿಯಾಗಿ ಅಂಟಿದ್ದರೆ ಅದೇ ಗುರುತು. ಈಗ ಮಾವ ದಿನಾ ಅಲ್ಲಿ ಬಟ್ಟೆಯಿಂದ ಒರೆಸಿ ನೋಡುತ್ತಾರೆ. ಹೊಸ ವಾಷರುಗಳು ಡಿಕ್ಕಿಯಲ್ಲೇ ಇರುತ್ತವೆ.

ಮಳೆಗಾಲದಲ್ಲಿ ಇನ್ನೊಂದು ಕೆಲಸ ಉಂಟು. ಡೀಸೆಲ್ಲಿಗಿಂತ ನೀರು ಭಾರ, ಫಿಲ್ಟರಿನ ತಳದಲ್ಲಿ ನಿಲ್ಲುತ್ತದೆ. ಕೆಳಗಿನ ಸ್ಕ್ರೂ ತಿರುಗಿಸಿ ಅದನ್ನು ಗಾಜಿನ ಬಾಟ್ಲಿಗೆ ಬಿಡುತ್ತಾರೆ. ಕೆಳಗೆ ನೀರು, ಮೇಲೆ ಡೀಸೆಲ್ ಬೇರೆ ಬೇರೆ ಕಾಣುತ್ತವೆ. ನೋಡಬೇಕು ಅನ್ನುವವರು ಭಾನುವಾರ ಬೆಳಿಗ್ಗೆ ನಮ್ಮ ಮನೆ ಹತ್ತಿರ ಬನ್ನಿ.