ನೀರು ಹೋಗದ ಕವಲು

2021ರ ಬೇಸಿಗೆಯಲ್ಲಿ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಮನೆಮನೆಯಲ್ಲೂ ಒಂದೇ ಮಾತು: 'ಸಿ.ಟಿ. ಸ್ಕೋರ್ ಎಷ್ಟ್ ಬಂದೈತ್ರಿ?' ಕೋವಿಡ್ ಶ್ವಾಸಕೋಶವನ್ನು ಎಷ್ಟು ಆವರಿಸಿದೆ ಎಂದು 25ಕ್ಕೆ ಅಂಕ ಕೊಡುತ್ತಿದ್ದ ಸ್ಕ್ಯಾನ್ ಅದು. ಎದೆಯ ಸಿ.ಟಿ. ಮಾಡಿಸಿದರೆ ಒಳಗಿನದೆಲ್ಲ ಕಂಡುಬಿಡುತ್ತದೆ ಎಂಬ ನಂಬಿಕೆ ಆಗಿನಿಂದ ಹಲವರಲ್ಲಿ ಉಳಿದಿದೆ. ಆದರೆ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದ್ದರೆ ಆ ಸಾದಾ ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ.

ಹಾಲಿಗೆ ಹೆಪ್ಪು ಹಾಕಿ ಅಲುಗಿಸದೆ ಇಟ್ಟರೆ ಮೊಸರು ಗಟ್ಟಿಯಾಗುತ್ತದೆ. ರಕ್ತವೂ ನಿಂತಲ್ಲೇ ನಿಂತರೆ ಗಟ್ಟಿಯಾಗುವ ಅಪಾಯವಿದೆ. ಸೊಂಟದ ಮೂಳೆ ಮುರಿದು ಮಲಗಿದವರು, ಆಪರೇಷನ್ ಆದವರು, ಕ್ಯಾನ್ಸರ್ ಇರುವವರು, ಹೆರಿಗೆಯಾಗಿ ಆರು ವಾರ ತುಂಬದ ಬಾಣಂತಿಯರು, ಇವರೆಲ್ಲ ಎಚ್ಚರದಿಂದಿರಬೇಕು. ಹೆಪ್ಪು ಹುಟ್ಟುವುದು ಹೆಚ್ಚಾಗಿ ಕಾಲಿನ ಆಳದ ನಾಳದಲ್ಲಿ. ಒಂದೇ ಕಾಲಿನ ಮೀನಖಂಡ ಬಾತು ನೋಯುತ್ತದೆ. ಅಲ್ಲಿಂದ ಕಿತ್ತ ತುಂಡು ಹೃದಯದ ಬಲಭಾಗ ದಾಟಿ ಶ್ವಾಸಕೋಶದ ಕವಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಒಮ್ಮೆಲೇ ದಮ್ಮು, ಎದೆನೋವು, ಕೆಲವರಿಗೆ ಕಣ್ಣು ಕತ್ತಲೆ. ಗ್ಯಾಸ್ ಎಂದೋ ಹೃದಯಾಘಾತ ಎಂದೋ ಇದನ್ನು ತಪ್ಪಾಗಿ ತಿಳಿಯುವುದುಂಟು. ಎಕ್ಸ್‌ರೇ ಚೆನ್ನಾಗಿಯೇ ಇರಬಹುದು.

ಸಿ.ಟಿ. ಯಂತ್ರ ಅಳೆಯುವುದು ದೇಹದ ಯಾವ ಭಾಗ ಎಕ್ಸ್‌ರೇ ಕಿರಣವನ್ನು ಎಷ್ಟು ತಡೆಯಿತು ಎಂಬುದನ್ನು. ಗಾಳಿಗೆ ಮೈನಸ್ 1000, ನೀರಿಗೆ 0. ಈ ಅಳತೆಗೆ ಯಂತ್ರ ರೂಪಿಸಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಹೆಸರೇ ಇದೆ. 1979ರ ನೊಬೆಲ್ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ಬಂತು. ಹರಿಯುವ ರಕ್ತಕ್ಕೂ ಹೆಪ್ಪಿಗೂ ಬರುವ ಸಂಖ್ಯೆ ಹತ್ತಿರ ಹತ್ತಿರ. ಅಮಾವಾಸ್ಯೆ ರಾತ್ರಿ ಎಮ್ಮೆ ಹುಡುಕಿದಂತೆ.

ಅದಕ್ಕೇ ರಕ್ತಕ್ಕೆ ಅಯೋಡಿನ್ ಇರುವ ಕಾಂಟ್ರಾಸ್ಟ್ ದ್ರವ ಕೊಡುತ್ತಾರೆ. ಮೊಣಕೈ ಮಡಿಕೆಯ ನರಕ್ಕೆ ಹಸಿರು ಬಣ್ಣದ ದಪ್ಪ ಕ್ಯಾನುಲಾ, ಸೆಕೆಂಡಿಗೆ 4-5 ಮಿ.ಲೀ. ವೇಗದಲ್ಲಿ ತಳ್ಳುವ ಪಂಪು. ಮೈಯೊಳಗೆ ಬಿಸಿನೀರು ಹರಿದಂತಾಗುತ್ತದೆ, ಬಾಯಲ್ಲಿ ಕಬ್ಬಿಣದ ರುಚಿ, ಮೂತ್ರ ಹೋಯಿತೇನೋ ಎಂಬ ಅನಿಸಿಕೆ. ಕ್ಷಣದಲ್ಲಿ ಎಲ್ಲ ಇಳಿಯುತ್ತದೆ.

ಗಂಗಾವತಿ ಸೀಮೆಯವರಿಗೆ ಮುಂದಿನದು ಗೊತ್ತಿದ್ದ ಕೆಲಸ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ನೀರಗಂಟಿ ಗೇಟಿನ ಬಳಿ ಕಾದು ನಿಲ್ಲುವಂತೆ, ಯಂತ್ರವೂ ಶ್ವಾಸಕೋಶದ ಮುಖ್ಯನಾಳದ ಮೇಲೆ ಕಣ್ಣಿಟ್ಟು ಕಾಯುತ್ತದೆ. ಅಲ್ಲಿ ಬಿಳುಪು ಏರಿದ ಕೂಡಲೇ 'ಉಸಿರು ಹಿಡೀರಿ' ಎನ್ನುತ್ತಾರೆ. ಕೆಲವೇ ಸೆಕೆಂಡಿನಲ್ಲಿ ಸ್ಕ್ಯಾನ್ ಮುಗಿಯುತ್ತದೆ. ಬೇಗ ತೆಗೆದರೆ ದ್ರವ ತಲುಪಿರುವುದಿಲ್ಲ, ತಡವಾದರೆ ದಾಟಿ ಹೋಗಿರುತ್ತದೆ. ಇಡೀ ಪರೀಕ್ಷೆಯಲ್ಲಿ ನನಗೆ ಬಹಳ ಇಷ್ಟವಾಗುವುದು ಈ ಕಾಯುವಿಕೆಯೇ.

ಪರದೆಯ ಮೇಲೆ ನಾಳಗಳು ಮರದ ಕೊಂಬೆಯಂತೆ ಬೆಳ್ಳಗೆ ಹೊಳೆಯುತ್ತವೆ. ಹೆಪ್ಪು ಇರುವಲ್ಲಿ ಬೂದು ತೂತು. ಸುತ್ತ ಬಿಳಿ ಉಂಗುರ, ನಡುವೆ ಕಪ್ಪು. ಉದ್ದಕ್ಕೆ ಸೀಳಿ ನೋಡಿದರೆ ಎರಡು ಬಿಳಿ ಹಳಿಗಳ ನಡುವೆ ಕಪ್ಪು ಪಟ್ಟಿ. ರೇಡಿಯಾಲಜಿಸ್ಟ್ ಹೃದಯವನ್ನೂ ನೋಡುತ್ತಾರೆ. ಬಲ ಕುಹರ ಎಡದ್ದಕ್ಕಿಂತ ಉಬ್ಬಿದ್ದರೆ, ಕಟ್ಟಿದ ನಾಳಕ್ಕೆ ರಕ್ತ ತಳ್ಳಿ ತಳ್ಳಿ ಅದು ದಣಿದಿದೆ ಎಂದರ್ಥ.

ಎದೆ ಹಿಡಿದ ಎಲ್ಲರಿಗೂ ಇದು ಬೇಡ. ವಿಕಿರಣವಿದೆ; ಕಿಡ್ನಿ ದುರ್ಬಲವಾಗಿದ್ದರೆ ಕಾಂಟ್ರಾಸ್ಟ್ ಕೊಡುವಾಗ ಎಚ್ಚರ ಬೇಕು. ಅನುಮಾನ ಕಡಿಮೆಯಿದ್ದು ರಕ್ತದ ಡಿ-ಡೈಮರ್ ಪರೀಕ್ಷೆಯೂ ನೆಗೆಟಿವ್ ಬಂದರೆ ಸಾಮಾನ್ಯವಾಗಿ ಸ್ಕ್ಯಾನಿನ ಅಗತ್ಯವಿರುವುದಿಲ್ಲ.

ಅನುಮಾನ ಬಲವಾಗಿದ್ದರೆ? ಯಲಬುರ್ಗಾದ ಹಳ್ಳಿಯಿಂದ ಸ್ಕ್ಯಾನ್ ಇರುವಲ್ಲಿಗೆ ಹೋಗಿ ಮುಟ್ಟಲು ಹೊತ್ತು ಹಿಡಿಯುತ್ತದೆ. ರಕ್ತಸ್ರಾವದ ಅಪಾಯ ಇಲ್ಲದಿದ್ದರೆ ವೈದ್ಯರು ಚಿತ್ರಕ್ಕೆ ಕಾಯದೆ ಹೆಪಾರಿನ್ ಇಂಜೆಕ್ಷನ್ ಕೊಟ್ಟೇ ಕಳಿಸಬಹುದು. ಅದು ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತದೆ. ಆಮೇಲೆ ದೇಹವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಜೊತೆಗೆ ಹೋಗುವವರು ಇಂಜೆಕ್ಷನ್ ಕೊಟ್ಟ ಹೊತ್ತನ್ನು ಚೀಟಿಯಲ್ಲಿ ಬರೆಸಿಕೊಂಡಿರಲಿ. ಮುಂದಿನ ಆಸ್ಪತ್ರೆಯಲ್ಲಿ ಅದನ್ನು ಕೇಳುತ್ತಾರೆ.