ಹೆಸರು ಬದಲಾಯಿತು, ಸ್ವರ ಬದಲಾಗಲಿಲ್ಲ

ಉಸ್ತಾದ್ ಅಬ್ದುಲ್ ಕರೀಂ ಖಾನ್ ಮತ್ತು ಅವರಿಂದ ದೂರವಾಗಿ ಬೆಳೆದ ಮಗಳು ಹೀರಾಬಾಯಿ ಬಡೋದೇಕರ್ ಅವರ ಕಥೆ

ಗಂಡ ಹೆಂಡತಿ ಬೇರೆಯಾಗುವ ತಕರಾರು ಜಮಾಅತ್ ಕಮಿಟಿಯ ಮುಂದೆ ಬಂದಾಗ ನಮ್ಮವರು ಎಲ್ಲದಕ್ಕೂ ಲೆಕ್ಕ ಹಾಕುತ್ತಾರೆ. ಮಹರ್ ಎಷ್ಟು, ಇದ್ದತ್‌ನ ಖರ್ಚು ಎಷ್ಟು, ಚಿನ್ನ ಯಾರ ಕೈಯಲ್ಲಿ ಉಂಟು, ಮದುವೆಗೆ ಕೊಟ್ಟ ಸಾಮಾನು ಎಲ್ಲಿ ಉಂಟು ಎಂದು ಕಾಗದದಲ್ಲಿ ಬರೆದು ಸಹಿ ಹಾಕಿಸುತ್ತಾರೆ. ಮಕ್ಕಳ ವಿಷಯ ಬಂದಾಗ ಮಾತ್ರ "ಅವು ಉಮ್ಮನ ಜೊತೆ ಇರಲಿ" ಎಂದು ಒಂದೇ ಮಾತಿನಲ್ಲಿ ಮುಗಿಯುತ್ತದೆ. ಆ ಮಕ್ಕಳಿಗೆ ಬಾಪನಿಂದ ಸಿಗಬೇಕಾಗಿದ್ದ ಮಾತು, ಕೆಲಸ, ಕಲೆ, ಬುದ್ಧಿ ಇವುಗಳ ಲೆಕ್ಕ ಯಾರೂ ಬರೆಯುವುದಿಲ್ಲ. ಬರೆಯುವುದಾದರೂ ಹೇಗೆ ಮಾರಾಯ್ರೆ?

ಹಿಂದೂಸ್ತಾನಿ ಸಂಗೀತದ ಚರಿತ್ರೆಯಲ್ಲಿ ಇಂಥ ಒಂದು ಮನೆ ಉಂಟು. ಬಾಪ ದೇಶವೇ ಮೆಚ್ಚಿದ ಗಾಯಕ. ಮಗಳು ಬಾಪನ ಹೆಸರಿಲ್ಲದೆ, ಅವರ ಆಸರೆಯಿಲ್ಲದೆ, ಅವರದೇ ಹಾದಿಯಲ್ಲಿ ನಡೆದು ಪದ್ಮಭೂಷಣದವರೆಗೆ ಹೋದವರು. ನೂರು ವರ್ಷದ ಹಿಂದಿನ ಈ ಕಥೆಯನ್ನು ಇವತ್ತು ನಮ್ಮ ಮನೆಗಳಲ್ಲಿ ಓದಿಕೊಳ್ಳಲು ಕಾರಣ ಉಂಟು.

ಕೈರಾನದಿಂದ ಕುಂದಗೋಳಕ್ಕೆ

ಅಬ್ದುಲ್ ಕರೀಂ ಖಾನ್ ಹುಟ್ಟಿದ್ದು 1872ರಲ್ಲಿ, ಈಗಿನ ಉತ್ತರ ಪ್ರದೇಶದ ಕೈರಾನ ಎಂಬ ಸಣ್ಣ ಪೇಟೆಯಲ್ಲಿ. ಅವರದು ತಲೆತಲಾಂತರದಿಂದ ಸಂಗೀತವನ್ನೇ ನಂಬಿ ಬದುಕಿದ ಮನೆತನ. ಆ ಊರಿನ ಹೆಸರೇ ಮುಂದೆ 'ಕಿರಾನಾ ಘರಾನೆ' ಎಂದಾಯಿತು. ಅಬ್ಬರವಿಲ್ಲದೆ, ಅವಸರವಿಲ್ಲದೆ, ಒಂದೊಂದೇ ಸ್ವರವನ್ನು ಹದ ಮಾಡಿ ರಾಗವನ್ನು ಬೆಳೆಸುವುದು ಈ ಘರಾನೆಯ ಗುಣ.

ಉತ್ತರದವರಾದರೂ ಖಾನ್ ಸಾಹೇಬರ ಋಣ ಇದ್ದದ್ದು ನಮ್ಮ ಕಡೆಗೆ. ಮೈಸೂರು ಅರಮನೆಯಲ್ಲಿ ಹಾಡಿದರು. ಕರ್ನಾಟಕ ಸಂಗೀತವನ್ನು ಗೌರವದಿಂದ ಕೇಳಿದರು. ತ್ಯಾಗರಾಜರ ಕೃತಿಯೊಂದನ್ನು ಹಾಡಿ ಗ್ರಾಮಫೋನ್ ತಟ್ಟೆಗೂ ಕೊಟ್ಟರು. ಧಾರವಾಡಕ್ಕೆ ಬಂದಾಗ ಗಂಗೂಬಾಯಿ ಹಾನಗಲ್ ಅವರ ತಾಯಿ ಅಂಬಾಬಾಯಿಯ ಹಾಡನ್ನು ಕುಳಿತು ಕೇಳುತ್ತಿದ್ದರು. ಕುಂದಗೋಳದ ಹುಡುಗ ರಾಮಭಾವುಗೆ ವರ್ಷಗಟ್ಟಲೆ ತಾಲೀಮು ಕೊಟ್ಟು ಸವಾಯಿ ಗಂಧರ್ವರನ್ನಾಗಿ ಮಾಡಿದವರು ಇವರೇ. ಆ ಸವಾಯಿ ಗಂಧರ್ವರ ಕೈಯಲ್ಲಿ ಕಲಿತವರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಗದಗಿನ ಹುಡುಗ ಭೀಮಸೇನ ಅಂಗಡಿಯೊಂದರಲ್ಲಿ ಖಾನ್ ಸಾಹೇಬರ ಝಿಂಝೋಟಿ ಠುಮ್ರಿಯ ತಟ್ಟೆ ಕೇಳಿ, ಹಾಗೆ ಹಾಡಲು ಕಲಿಸುವ ಗುರು ಬೇಕೆಂದು 1933ರಲ್ಲಿ ಮನೆ ಬಿಟ್ಟು ಓಡಿದ ಕಥೆ ಎಲ್ಲರಿಗೂ ಗೊತ್ತು.

ಇಷ್ಟು ಜನರ ಮಕ್ಕಳಿಗೆ ಸ್ವರ ಹಂಚಿದವರು ಅವರು. ಅವರ ಸ್ವಂತ ಮಕ್ಕಳ ಕಥೆ ಬೇರೆ.

ಒಡೆದ ಮನೆ

ಖಾನ್ ಸಾಹೇಬರು ಯೌವನದಲ್ಲಿ ಬರೋಡ ಸಂಸ್ಥಾನದ ಆಸ್ಥಾನ ಗಾಯಕರಾಗಿದ್ದರು. ಅಲ್ಲಿ ಸರದಾರ ಮಾರುತಿರಾವ್ ಮಾನೆ ಅವರ ಮಗಳು ತಾರಾಬಾಯಿಯ ಪರಿಚಯವಾಯಿತು. ತಾರಾಬಾಯಿ ರಾಜಮನೆತನದ ಸಂಬಂಧಿಕರು. ಮದುವೆಗೆ ಒಪ್ಪುವವರು ಯಾರು? ಇಬ್ಬರೂ ಬರೋಡ ಬಿಟ್ಟು ಮುಂಬಯಿ ಸೇರಿ ಸಂಸಾರ ಹೂಡಿದರು. ಖಾನ್ ಸಾಹೇಬರಿಗೆ ಅದಕ್ಕೂ ಮೊದಲೇ ಮದುವೆಯಾಗಿತ್ತು. ಆ ಹೆಂಡತಿ ಗಫೂರನ್ ಬೀ, ಕಿರಾನಾದ ಇನ್ನೊಬ್ಬ ದೊಡ್ಡ ಉಸ್ತಾದ್ ಅಬ್ದುಲ್ ವಹೀದ್ ಖಾನ್ ಅವರ ತಂಗಿ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ತಾರಾಬಾಯಿಗೆ ಐದು ಮಕ್ಕಳಾದರು. ಹಿರಿಯ ಮಗ ಅಬ್ದುಲ್ ರೆಹಮಾನ್. 1905ರಲ್ಲಿ ಮೀರಜ್‌ನಲ್ಲಿ ಹುಟ್ಟಿದ ಮಗಳು ಚಂಪಾಕಲಿ. ಸಣ್ಣವಳು ಸಕೀನಾ. 1913ರಲ್ಲಿ ಖಾನ್ ಸಾಹೇಬರು ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದರು. ಮಕ್ಕಳು ಬೆಳೆದದ್ದು ಆ ತಂಬೂರಿಯ ಶ್ರುತಿಯೊಳಗೇ.

1920ರ ಆಸುಪಾಸಿನಲ್ಲಿ ಮನೆ ಒಡೆಯಿತು. ತಾರಾಬಾಯಿ ಐದೂ ಮಕ್ಕಳನ್ನು ಕರೆದುಕೊಂಡು ಹೊರಟರು. ಯಾರದ್ದು ತಪ್ಪು ಎಂದು ಕೇಳುವುದು ಬೇಡ. ಗಂಡ ಹೆಂಡಿರ ಮಾತು ನಾಲ್ಕು ಗೋಡೆಯೊಳಗೇ ಇರಲಿ. ಮಕ್ಕಳಿಗೆ ಏನಾಯಿತು ಎಂಬುದು ಮುಖ್ಯ. ತಾಯಿ ಅವರ ಹೆಸರುಗಳನ್ನೇ ಬದಲಾಯಿಸಿದರು. ಅಬ್ದುಲ್ ರೆಹಮಾನ್ ಸುರೇಶಬಾಬು ಮಾನೆ ಆದರು. ಚಂಪಾಕಲಿ ಹೀರಾಬಾಯಿ ಬಡೋದೇಕರ್ ಆದರು, ಅಂದರೆ ಬರೋಡದ ಹೀರಾಬಾಯಿ. ಸಕೀನಾ ಮುಂದೆ ಸರಸ್ವತಿ ರಾಣೆ ಎಂದು ಹೆಸರಾದರು. ಆ ಹೆಸರುಗಳಲ್ಲಿ ಬಾಪ ಎಲ್ಲಿಯೂ ಇಲ್ಲ. ಅಬ್ದುಲ್ ಕರೀಂ ಖಾನ್ ಮೀರಜ್‌ನಲ್ಲಿ ನೆಲೆ ನಿಂತು ಮತ್ತೊಂದು ಸಂಸಾರ ಮಾಡಿದರು. ಅಷ್ಟು ಹೊತ್ತಿಗೆ ಹೀರಾಬಾಯಿಗೆ ಹದಿನೈದರ ಸುಮಾರಿನ ಪ್ರಾಯ.

ಕಲಿಸಿದವರು ಯಾರು?

ತೊಟ್ಟಿಲಿನಿಂದಲೇ ಕೇಳಿದ ಸ್ವರ ಕಿವಿಯಲ್ಲಿ ಉಂಟು, ಹಾಡಿದವರು ಮನೆಯಲ್ಲಿ ಇಲ್ಲ. ಈ ಹುಡುಗಿ ಎಲ್ಲಿಗೆ ಹೋಗಬೇಕು?

ಮೊದಲು ಕೈ ಹಿಡಿದದ್ದು ಅಣ್ಣ. ಸುರೇಶಬಾಬು ಬಾಪನಿಂದ ಪಡೆದದ್ದನ್ನು ತಂಗಿಗೆ ಹೇಳಿಕೊಟ್ಟರು. ಆಮೇಲೆ ದೊಡ್ಡ ತಾಲೀಮು ಕೊಟ್ಟವರು ಅಬ್ದುಲ್ ವಹೀದ್ ಖಾನ್. ಹೌದು, ಅದೇ ಗಫೂರನ್ ಬೀಯ ಅಣ್ಣ. ತನ್ನ ಒಡಹುಟ್ಟಿದವಳನ್ನು ಹಿಂದೆ ಬಿಟ್ಟು ಕಟ್ಟಿದ ಸಂಸಾರದ ಮಗಳಿಗೆ ಅವರು ಬಾಗಿಲು ಮುಚ್ಚಬಹುದಿತ್ತು. "ನಿನ್ನ ಬಾಪ ನಮ್ಮ ಮನೆಗೆ ಮಾಡಿದ್ದು ಗೊತ್ತುಂಟಾ?" ಎಂದು ಕೇಳಿದ್ದರೂ ಯಾರೂ ಅವರನ್ನು ದೂರುತ್ತಿರಲಿಲ್ಲ. ವಹೀದ್ ಖಾನ್‌ರಿಗೆ ಕಿವಿ ಮಂದ. 'ಬೆಹರೆ ವಹೀದ್ ಖಾನ್' ಎಂದೇ ಜನ ಕರೆಯುತ್ತಿದ್ದರು. ರಾಗವನ್ನು ಅತಿ ನಿಧಾನವಾಗಿ, ಒಂದು ಸ್ವರದಿಂದ ಇನ್ನೊಂದಕ್ಕೆ ಹೆಜ್ಜೆ ಇಟ್ಟ ಹಾಗೆ ಬಿಚ್ಚುವುದರಲ್ಲಿ ಅವರಿಗೆ ಸಮ ಯಾರೂ ಇರಲಿಲ್ಲ. ಅದನ್ನು ಅವರು ಈ ಹುಡುಗಿಗೆ ಕಲಿಸಿದರು. ದೊಡ್ಡವರ ಜಗಳವನ್ನು ಮಗುವಿನ ತಲೆಗೆ ಕಟ್ಟಲಿಲ್ಲ.

ಟಿಕೆಟ್ ಇಟ್ಟು ಹಾಡಿದ ಹೆಣ್ಣು

ಆ ಕಾಲದಲ್ಲಿ ಮರ್ಯಾದಸ್ಥ ಮನೆಯ ಹೆಣ್ಣು ವೇದಿಕೆ ಹತ್ತಿ ಹಾಡುವುದೆಂದರೆ ಸಣ್ಣ ಮಾತಲ್ಲ. ಹಾಡುವ ಹೆಂಗಸರನ್ನು ಜನ ನೋಡುತ್ತಿದ್ದ ನೋಟವೇ ಬೇರೆ. ನಾಟಕದಲ್ಲಿ ಹೆಣ್ಣಿನ ಪಾತ್ರವನ್ನೂ ಬಾಲಗಂಧರ್ವರಂಥ ಗಂಡಸರೇ ಮಾಡುತ್ತಿದ್ದ ಕಾಲ ಅದು. ಹೀರಾಬಾಯಿಯ ಬೆನ್ನಿಗೆ ಬಾಪನ ಹೆಸರೂ ಇರಲಿಲ್ಲ. 1921ರಲ್ಲಿ ಮುಂಬಯಿಯಲ್ಲಿ ವಿಷ್ಣು ದಿಗಂಬರ ಪಲುಸ್ಕರ್ ಅವರ ಗಾಂಧರ್ವ ಮಹಾವಿದ್ಯಾಲಯದ ವೇದಿಕೆಯಲ್ಲಿ ಅವರು ಹಾಡಿದರು. ಮುಂದೆ ಟಿಕೆಟ್ ಇಟ್ಟು ಸಾರ್ವಜನಿಕ ಕಛೇರಿ ನಡೆಸಿದ ಮೊದಲ ಮಹಿಳೆಯರಲ್ಲಿ ಒಬ್ಬರಾದರು. ಸೆರಗು ಹೊದ್ದು, ನೆಟ್ಟಗೆ ಕುಳಿತು, ಕೈಕಣ್ಣಿನ ಅಭಿನಯವಿಲ್ಲದೆ ಬರೀ ಸ್ವರವನ್ನು ನಂಬಿ ಹಾಡುತ್ತಿದ್ದರು. ಕಾಸು ಕೊಟ್ಟು ಬಂದವರು ಹಾಡು ಕೇಳಿ ಗೌರವದಿಂದ ಎದ್ದು ಹೋಗಬೇಕು, ಅಷ್ಟೆ. ಇವತ್ತು ಹೆಣ್ಣುಮಕ್ಕಳು ಸಂಗೀತ ಸಭೆಗಳಲ್ಲಿ ತಲೆಯೆತ್ತಿ ಕೂರುವುದಕ್ಕೆ ಹಾದಿ ಮಾಡಿದವರಲ್ಲಿ ಅವರೂ ಒಬ್ಬರು.

ಹಾದಿ ಸಲೀಸಾಗಿರಲಿಲ್ಲ. ಅಣ್ಣತಂಗಿಯರೆಲ್ಲ ಸೇರಿ ನಾಟಕ ಕಂಪನಿ ಕಟ್ಟಿದರು. ಅದು ಬಹಳ ಕಾಲ ಬಾಳಲಿಲ್ಲ. ಸಿನೆಮಾದಲ್ಲಿ ಪಾತ್ರ ಮಾಡಿದರು, ತಟ್ಟೆಗಳಿಗೆ ಹಾಡಿದರು, ಊರೂರು ತಿರುಗಿದರು.

ಪ್ಲಾಟ್‌ಫಾರ್ಮಿನಲ್ಲಿ ಕೊನೆ

ಅತ್ತ ಬಾಪನಿಗೆ ಪ್ರಾಯ ಆಗುತ್ತಾ ಬಂತು. ಕೊನೆಯ ವರ್ಷಗಳಲ್ಲಿ ಅವರ ಬಳಿ ಕಲಿತವರಲ್ಲಿ ಒಬ್ಬಳು ಹುಡುಗಿ, ಸಂಬಂಧದಲ್ಲಿ ಅವರ ಕುಟುಂಬದವಳೇ. ಅವಳೇ ಮುಂದೆ ಪಾಕಿಸ್ತಾನದ ಹೆಸರಾಂತ ಗಾಯಕಿ ರೋಶನ್ ಆರಾ ಬೇಗಂ. ಕಲಿಸುವ ಮನಸ್ಸು ಖಾನ್ ಸಾಹೇಬರಲ್ಲಿ ಬತ್ತಿರಲಿಲ್ಲ, ಹೆಣ್ಣುಮಗಳಿಗೆ ಕಲಿಸುವುದಿಲ್ಲ ಎಂಬ ಹಟವೂ ಇರಲಿಲ್ಲ. ಸ್ವಂತ ಮಗಳ ತಾಲೀಮು ಮಾತ್ರ ಬೇರೆಯವರ ಕೈಯಲ್ಲಿ ನಡೆದಿತ್ತು.

1937ರ ಅಕ್ಟೋಬರ್ 27. ಮದ್ರಾಸಿನಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದಾಗ ಖಾನ್ ಸಾಹೇಬರಿಗೆ ಎದೆನೋವು ಬಂತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರ್ಮಿನಲ್ಲಿ ಹಾಸಿಗೆ ಬಿಡಿಸಿ, ನಮಾಝ್ ಮಾಡಿ, ದರ್ಬಾರಿ ರಾಗದಲ್ಲಿ ದೇವರನ್ನು ನೆನೆಯುತ್ತಾ ಕಣ್ಣು ಮುಚ್ಚಿದರು ಎಂದು ಹೇಳುತ್ತಾರೆ. ಸುತ್ತ ಇದ್ದದ್ದು ಶಿಷ್ಯರು. ಮಯ್ಯಿತ್ತನ್ನು ಮೀರಜ್‌ಗೆ ತಂದು ಖ್ವಾಜಾ ಮೀರಾ ಸಾಹೇಬರ ದರ್ಗಾದ ಆವರಣದಲ್ಲಿ ದಫನ್ ಮಾಡಿದರು. ಅಲ್ಲಿಯ ಉರೂಸ್‌ಗೆ ಇವತ್ತಿಗೂ ದೊಡ್ಡ ದೊಡ್ಡ ಕಲಾವಿದರು ಬಂದು ಹಾಡಿ ಹೋಗುತ್ತಾರೆ.

ಹೀರಾಬಾಯಿಗೆ ಆಗ 32 ವರ್ಷ. ಮುಂದೆ 1965ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1970ರಲ್ಲಿ ಪದ್ಮಭೂಷಣ ಬಂತು. ತಂಗಿ ಸರಸ್ವತಿ ರಾಣೆಯವರ ಜೊತೆ ಸೇರಿ ಜುಗಲ್‌ಬಂದಿ ಹಾಡಿದರು. ಪ್ರಭಾ ಅತ್ರೆಯಂಥ ಗಾಯಕಿಯನ್ನು ಸುರೇಶಬಾಬು ಮತ್ತು ಹೀರಾಬಾಯಿ ತಯಾರು ಮಾಡಿದರು. 1989ರಲ್ಲಿ ತೀರಿಹೋಗುವವರೆಗೂ ಅವರು ಬಡೋದೇಕರ್ ಆಗಿಯೇ ಉಳಿದರು. ಬಾಯಿ ತೆರೆದರೆ ಹೊರಟದ್ದು ಮಾತ್ರ ಕಿರಾನಾದ ಸ್ವರ. ಇವತ್ತು ಸಂಗೀತದವರು ಕಿರಾನಾ ಎಂದು ಬರೆಯುವಾಗ ಬಾಪ ಮಗಳ ಹೆಸರನ್ನು ಒಂದೇ ಸಾಲಿನಲ್ಲಿ ಬರೆಯುತ್ತಾರೆ. ಬದುಕಿದ್ದಾಗ ಒಂದೇ ಮನೆಯಲ್ಲಿ ಉಳಿಯದವರು ಹೀಗೆ ಒಟ್ಟಾದರು.

ನಮ್ಮ ಮನೆಗಳಿಗೆ ಬಂದರೆ

ಹಾಡು, ವಾದ್ಯದ ಬಗ್ಗೆ ಉಲಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯ ಉಂಟು. ಅದನ್ನು ತೀರ್ಮಾನಿಸುವ ಜಾಗ ಇದಲ್ಲ. ಆದರೆ ನಮ್ಮಲ್ಲೂ ದಫ್, ಕೋಲ್ಕಳಿ, ಮದುಮಗಳ ಮದರಂಗಿಗೆ ಹೆಂಗಸರು ಹಾಡುವ ಪಾಟ್ ಎಲ್ಲ ಇದ್ದವು. ಹಿಂದೆ ಮಂಗಲದ ಮನೆಗೆ ಹಾಡಲು ಕರೆಸುತ್ತಿದ್ದವರು ಈಗ ಊರಿಗೊಬ್ಬರು ಮೂಲೆಯಲ್ಲಿ ಕುಳಿತಿದ್ದಾರೆ. ಹಾಡು ಮೊಬೈಲ್‌ನಲ್ಲಿ ಬರುತ್ತದೆ, ಅವರನ್ನು ಕರೆಯುವವರಿಲ್ಲ. ಅವರ ಬಾಯಲ್ಲಿರುವ ಪಾಟ್ ಕಲಿಯುವ ಆಸೆ ಮೊಮ್ಮಗಳಿಗೋ ಮಗಳಿಗೋ ಇದ್ದರೆ, ಹಳೆಯ ಮುನಿಸು ಅಡ್ಡ ನಿಲ್ಲುತ್ತದೆ. "ಅವಳು ಉಮ್ಮನ ಮನೆಯವಳು" ಎಂಬ ಒಂದು ಮಾತು ಸಾಕು. ಹಾಡಿನ ಜಾಗದಲ್ಲಿ ಹೊಲಿಗೆ, ಮೀನಿನ ವ್ಯಾಪಾರ, ಅಡಿಕೆ ತೋಟ, ಕಿತಾಬಿನ ಓದು ಏನನ್ನು ಇಟ್ಟು ನೋಡಿದರೂ ಕಥೆ ಅದೇ.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಓದಿದವರಿಗೆ ನಾದಿರಾ ಮರೆಯುವುದಿಲ್ಲ. ಬಾಪನ ಹಟಕ್ಕೆ ಮಗಳ ಬದುಕೇ ಬೆಲೆಯಾಯಿತು. ಬಾಪ ಮಗಳ ಮೇಲೆ ಪ್ರೀತಿ ಇಲ್ಲದವನಲ್ಲ. ಹಟ ಪ್ರೀತಿಗಿಂತ ಜೋರಾಗಿತ್ತು ಅಷ್ಟೆ.

ನಮ್ಮ ಶಾಫಿಈ ಮದ್‌ಹಬ್ ಈ ವಿಷಯದಲ್ಲಿ ತುಂಬ ಸ್ಪಷ್ಟ. ತಲಾಖ್ ಆಗಿ ಎಷ್ಟು ವರ್ಷ ಕಳೆದರೂ ಮಕ್ಕಳ ಖರ್ಚು ಬಾಪನ ಮೇಲಿನ ಹಕ್ಕು. ಮಗಳ ನಿಕಾಹ್‌ಗೆ ವಲೀ ಬಾಪನೇ. ಗಂಡ ಹೆಂಡತಿಯ ಸಂಬಂಧ ಮುರಿಯಬಹುದು, ಬಾಪ ಮಗಳ ಸಂಬಂಧ ಮುರಿಯುವ ದಾರಿಯೇ ಶರೀಅತ್‌ನಲ್ಲಿ ಇಲ್ಲ. ಆದರೆ ನಾವು ನೋಡುವುದೇನು? ಹದಿನೈದು ಇಪ್ಪತ್ತು ವರ್ಷ ಕಾಣದ ಬಾಪ ನಿಕಾಹ್ ದಿನ ಬಿಳಿ ಅಂಗಿ ಹಾಕಿಕೊಂಡು ಬರುತ್ತಾರೆ, ಮದುಮಗನ ಕೈ ಹಿಡಿದು ಮಗಳ ಹೆಸರು ಹೇಳುತ್ತಾರೆ, ಬಿರಿಯಾನಿ ಉಂಡು ಹೋಗುತ್ತಾರೆ. ಒಳಗೆ ಕುಳಿತ ಮಗಳಿಗೆ ಆ ಸ್ವರದ ಗುರುತು ಹತ್ತುವುದಿಲ್ಲ. ಮಗಳು ಫಾತಿಮಾ(ರ) ಬಂದಾಗ ಪ್ರವಾದಿ(ಸ)ಯವರು ಎದ್ದು ನಿಂತು ಸ್ವಾಗತಿಸಿ ತಮ್ಮ ಜಾಗದಲ್ಲಿ ಕೂರಿಸುತ್ತಿದ್ದರು ಎಂದು ನಾವು ಮಜ್ಲಿಸ್‌ಗಳಲ್ಲಿ ಕೇಳಿ ಕಣ್ಣು ಒರೆಸಿಕೊಳ್ಳುತ್ತೇವೆ. ಕೇಳಿದ್ದು ಮನೆಯವರೆಗೆ ಬರಬೇಕಲ್ವಾ?

ಜಮಾಅತ್‌ನ ಹಿರಿಯರಲ್ಲಿ ಒಂದು ವಿನಂತಿ. ಮುಂದಿನ ಸಲ ತಕರಾರು ತೀರ್ಮಾನಿಸುವಾಗ ಚಿನ್ನದ ಲೆಕ್ಕದ ಕೆಳಗೆ ಇನ್ನೂ ಎರಡು ಸಾಲು ಬರೆಸಿ. ಮಕ್ಕಳು ಬಾಪನ ಜೊತೆ ಯಾವ ದಿನ ಇರಬೇಕು, ಅವರ ಕಲಿಕೆಗೆ ಬಾಪ ಏನು ಕೊಡಬೇಕು. ಕುಟುಂಬದ ಚಿಕ್ಕಪ್ಪ, ಮಾವಂದಿರು ಅಬ್ದುಲ್ ವಹೀದ್ ಖಾನ್‌ರನ್ನು ನೆನೆಯಲಿ. ಮನೆ ಮುರಿದ ಮಕ್ಕಳಿಗೆ ಒಂದು ಬಾಗಿಲು ತೆರೆದಿಡಲಿ. ಮಗಳಿಂದ ದೂರ ಇರುವ ಬಾಪಂದಿರು ನಿಕಾಹ್ ದಿನದವರೆಗೆ ಕಾಯುವುದು ಬೇಡ. ಈ ಶುಕ್ರವಾರ ಜುಮಾ ಮುಗಿಸಿ ಬರುವಾಗ ಒಂದು ಫೋನ್ ಮಾಡಿ. ಮೊದಲ ಸಲ ಅವಳು ಎತ್ತಲಿಕ್ಕಿಲ್ಲ. ಮುಂದಿನ ಶುಕ್ರವಾರವೂ ಉಂಟು.