ಅತಿಕ್ರಮಣವೆಂಬ ಮಾತು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ದಿನವೂ ಕಿವಿಗೆ ಬೀಳುವ ಮಾತೊಂದಿದೆ: 'ಅತಿಕ್ರಮಣದಾರ'. ಅರಣ್ಯ ಭೂಮಿಯಲ್ಲಿ ಮನೆ ಕಟ್ಟಿ, ತುಂಡು ನೆಲವನ್ನು ಸಾಗುವಳಿ ಮಾಡುವವನನ್ನು ನಾವು ಹಾಗೆ ಕರೆಯುತ್ತೇವೆ. ಕನ್ನಡ ಅಧ್ಯಾಪಕನಾಗಿದ್ದ ನನಗೆ ಈ ಪದವನ್ನು ಬಿಡಿಸಿ ನೋಡಬೇಕೆನಿಸುತ್ತದೆ. ಅತಿಕ್ರಮಣವೆಂದರೆ ಮೇರೆ ಮೀರಿ ಹೆಜ್ಜೆಯಿಡುವುದು. ಆ ಮೇರೆಯನ್ನು ಎಳೆದವರು ಯಾರು, ಮನುಷ್ಯ ಮೊದಲೋ ಗೆರೆ ಮೊದಲೋ ಎಂಬ ಪ್ರಶ್ನೆಗಳಿಗೆ ಈ ಪದ ಎಡೆಗೊಡುವುದಿಲ್ಲ. ವಿಚಾರಣೆಗೆ ಮುನ್ನವೇ ತೀರ್ಪು ನುಡಿದುಬಿಡುತ್ತದೆ.

ಇದೇ ಕೆಲಸ ಕಂದಾಯ ಭೂಮಿಯಲ್ಲಿ ನಡೆದರೆ ಅದು 'ಬಗರ್ ಹುಕುಂ' ಸಾಗುವಳಿ; ಅಪ್ಪಣೆಯಿಲ್ಲದ್ದು ಎಂದಷ್ಟೇ ಅದರ ಅರ್ಥ. ಅಡಿಕೆ ತೋಟಿಗರು ಸೊಪ್ಪು ತರುವ ಅರಣ್ಯಭಾಗಕ್ಕಂತೂ 'ಬೆಟ್ಟ'ವೆಂಬ ಸೌಮ್ಯವಾದ ಹೆಸರಿದೆ. ಅದು ಸರಕಾರ ಒಪ್ಪಿದ ಸವಲತ್ತು.

2006ರ ಅರಣ್ಯ ಹಕ್ಕು ಕಾಯಿದೆಯು 'ಅರಣ್ಯವಾಸಿ' ಎಂಬ ಮಾತನ್ನು ತಂದಿತು. ಚಾರಿತ್ರಿಕ ಅನ್ಯಾಯ ನಡೆದಿದೆಯೆಂದು ಪೀಠಿಕೆಯಲ್ಲೇ ಒಪ್ಪಿಕೊಂಡಿತು. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಯಲ್ಲಾಪುರದ ಸಿದ್ದಿಗಳಿಗೆ ಈ ನಿಬಂಧನೆಯಿಲ್ಲ. 2003ರಲ್ಲಿ ಅವರು ಆ ಪಟ್ಟಿಗೆ ಸೇರಿದ್ದರು. ಒಂದೇ ಕಾಡಿನ ಇಬ್ಬರು ನೆರೆಯವರ ನಡುವೆ ಹೆಸರೊಂದು ಇಷ್ಟು ಅಂತರ ತರಬಲ್ಲುದು.

ಕಾಡು ಉಳಿಯಬೇಕೆಂಬುದರಲ್ಲಿ ನನ್ನದು ಎರಡು ಮಾತಿಲ್ಲ. ಸುಳ್ಳು ಅರ್ಜಿಗಳೂ ಇರಬಹುದು. ಅವನ್ನು ಪರಿಶೀಲಿಸಲು ಗ್ರಾಮಸಭೆಯಿಂದ ಜಿಲ್ಲಾ ಸಮಿತಿಯವರೆಗೆ ಮೆಟ್ಟಿಲುಗಳಿವೆ. ಅಲ್ಲಿಯವರೆಗೆ ಅವನನ್ನು 'ಅರ್ಜಿದಾರ'ನೆನ್ನೋಣ. ಪರಿಶೀಲನೆ ಮುಗಿಯುವ ತನಕ ಒಕ್ಕಲೆಬ್ಬಿಸಬಾರದೆಂದು ಕಾಯಿದೆಯೇ ಹೇಳುತ್ತದೆ. ನಮ್ಮ ನಾಲಗೆಯೂ ಅಷ್ಟು ತಾಳ್ಮೆ ತೋರಲಿ.